ಎಳ್ಳೆಣ್ಣೆ ಕೊನೆಗೆ ಹಾಕಿ

ಕೊರಿಯಾದ ಅಣಬೆ ಪಲ್ಯದ ಬಗ್ಗೆ ನೀವು ಬರೆದ ಬರಹ ಚೆನ್ನಾಗಿದೆ, ಆದರೆ ಅಣಬೆಯನ್ನು ಮೊದಲಿಂದಲೇ ಎಳ್ಳೆಣ್ಣೆಯಲ್ಲಿ ಹುರಿಯಿರಿ ಅಂದಿದ್ದೀರಲ್ಲ, ಅದೊಂದು ನನಗೆ ಒಪ್ಪಿಗೆಯಿಲ್ಲ. ಕೊರಿಯಾದ ಮನೆಗಳಲ್ಲಿ ಅನ್ನಕ್ಕೆ ನೆಂಚಿಕೊಳ್ಳಲು ಮಾಡುವ ಬೊಸೊತ್ ನಾಮುಲ್, ಅಂದರೆ ಈ ಅಣಬೆ ಪಲ್ಯವನ್ನು ಹುರಿಯದೆಯೂ ಮಾಡುತ್ತಾರೆ, ನನಗೆ ಅದೇ ಇಷ್ಟ. ಚಿಪ್ಪು ಅಣಬೆಯನ್ನು ಚಾಕು ಮುಟ್ಟಿಸದೆ ಕೈಯಲ್ಲೇ ಉದ್ದುದ್ದ ಸೀಳಿ, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಒಂದು ನಿಮಿಷ ಬಿಟ್ಟು ತೆಗೆದು, ತಣ್ಣೀರು ಹಾಯಿಸಿ, ಮುಷ್ಟಿಯಲ್ಲಿ ಹಿಂಡಬೇಕು. ಹಿಂಡೋದೇ ಮುಖ್ಯ. ನೀರು ಉಳಿದರೆ ಸೋಯಾ ಸಾಸ್ ಎಲ್ಲಾ ತಟ್ಟೆಯ ತಳಕ್ಕೆ ಇಳಿಯುತ್ತೆ, ಅಣಬೆ ಸಪ್ಪೆ. ಹಾಗಂತ ಜಾಸ್ತಿ ಹಿಂಡಿದರೆ ನಾರು ನಾರು.

ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಸಾಸ್ ಹಾಕಿ ಕೈಯಲ್ಲೇ ಕಲಸಿ. 250 ಗ್ರಾಂ ಅಣಬೆಗೆ ಸಾಸ್ 2 ಟೀ ಚಮಚ ಸಾಕು. ಎಣ್ಣೆ ಕೊನೆಗೆ. ಕೊರಿಯಾದವರ ಎಳ್ಳೆಣ್ಣೆ ಹುರಿದ ಎಳ್ಳಿನದು, ಕಂದು ಬಣ್ಣ, ಒಂದು ಚಮಚಕ್ಕೇ ಘಮ್ ಅನ್ನುತ್ತೆ. ನಮ್ಮ ಅಂಗಡಿಯ ಎಳ್ಳೆಣ್ಣೆ ಸಾಮಾನ್ಯವಾಗಿ ಹಸಿ ಎಳ್ಳಿನದು ಅಲ್ವಾ, ಆ ವಾಸನೆ ಬರಲ್ಲ. ಹುರಿದ ಎಳ್ಳಿನ ಎಣ್ಣೆ ಸಿಗದಿದ್ದರೆ ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿದು, ತರಿತರಿಯಾಗಿ ಕುಟ್ಟಿ ಧಾರಾಳವಾಗಿ ಉದುರಿಸಿ.

ಗೊಚುಜಾಂಗ್ (ಕೊರಿಯಾದ ಕೆಂಪು ಮೆಣಸಿನಕಾಯಿ ಪೇಸ್ಟ್) ಮಾತ್ರ ಬೇಡ ಸ್ವಾಮಿ, ಕೊರಿಯಾದ್ದು ಅಂದ ತಕ್ಷಣ ಎಲ್ಲದಕ್ಕೂ ಅದನ್ನು ಸುಮ್ನೆ ಬಳಿಯೋದು ಯಾಕೆ?