ಗಿರಣಿಗೆ ಬಂದ ಹೆವಿವೇಟ್

ಬಾಕ್ಸಿಂಗ್‌ನಲ್ಲಿ ‘ಪೌಂಡ್ ಫಾರ್ ಪೌಂಡ್’ ಅಂತ ಒಂದು ಲೆಕ್ಕ ಇದೆ. ಎಲ್ಲರೂ ಒಂದೇ ತೂಕದವರಾಗಿದ್ದರೆ ಯಾರು ಮೇಲು ಅನ್ನುವ ಅಂದಾಜು. 48 ಕಿಲೋ ವಿಭಾಗದ ಮೇರಿ ಕೋಮ್ ಅವರನ್ನೂ ಎಲ್ಲಕ್ಕಿಂತ ಭಾರದ ಹೆವಿವೇಟ್ ವಿಭಾಗದ ಮಹಮ್ಮದ್ ಅಲಿಯನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಬಹುದು. ರಿಂಗ್‌ಗೆ ಇಳಿಸಿ ನೋಡಲು ಆಗುವುದಿಲ್ಲವಲ್ಲ, ಹಾಗಾಗಿ ವಾದ ಮುಗಿಯುವುದೇ ಇಲ್ಲ. ಇಂಥ ವಾದ ಅಂದರೆ ನನ್ನ ಸೋದರಮಾವನಿಗೆ ಉಗ್ಗಾಣಿ-ಮಿರ್ಚಿಗಿಂತ ಇಷ್ಟ. ಉಗ್ಗಾಣಿಯನ್ನೂ ಬಿಡುವವರಲ್ಲ, ಅದು ಬೇರೆ ಮಾತು.

ತೋರಣಗಲ್ಲು ಕಡೆ ಬಾಕ್ಸಿಂಗ್ ಕಲಿಸುವ ದೊಡ್ಡ ಕ್ರೀಡಾ ಸಂಸ್ಥೆ ಬಂದಮೇಲಂತೂ ಬಳ್ಳಾರಿಯವರಿಗೆ ಈ ವಿಷಯದಲ್ಲಿ ತೀರ್ಪು ಕೊಡುವ ಹಕ್ಕಿದೆ ಅಂತ ಮಾವ ನಂಬಿದ್ದಾರೆ. ಮೊನ್ನೆ ಕೌಲ್ ಬಜಾರ್‌ನ ಹಿಟ್ಟಿನ ಗಿರಣಿಯಲ್ಲಿ, ಜೋಳದ ಡಬ್ಬಿ ಸಾಲಿಗಿಟ್ಟು ನಿಂತಾಗ ಶುರು ಮಾಡಿದರು.

‘ಹೆವಿವೇಟ್‌ನವನು ಒಂದು ಕೊಟ್ಟರೆ ಉಳಿದವರೆಲ್ಲ ಮಲಗ್ತಾರೆ. ಅಲಿನೇ ನಂಬರ್ ಒನ್. ಮುಗೀತಲ್ಲ ಅಳಿಯಾ?’

ದಪ್ಪಗಿರುವವರಿಗೆ ಹೆವಿವೇಟ್ ಮೇಲೆ ಒಲವು ಸಹಜ. ನನ್ನ ಲೆಕ್ಕ ಬೇರೆ. ತನಗಿಂತ ಜಾಸ್ತಿ ತೂಕದವರ ಎದುರು ನಿಂತವನು ದೊಡ್ಡವನು. 1938ರಲ್ಲಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಫೆದರ್‌ವೇಟ್, ಲೈಟ್‌ವೇಟ್, ವೆಲ್ಟರ್‌ವೇಟ್ ಈ ಮೂರೂ ತೂಕಗಳ ಪಟ್ಟ ಒಟ್ಟಿಗೇ ಇಟ್ಟುಕೊಂಡಿದ್ದ. ಫಿಲಿಪ್ಪೀನ್ಸ್‌ನ ಮ್ಯಾನಿ ಪಕ್ವಿಯಾವೊ ಎಂಟು ತೂಕಗಳಲ್ಲಿ ಪಟ್ಟ ಗೆದ್ದ. ಆದರೂ ನನ್ನ ಓಟು ಶುಗರ್ ರೇ ರಾಬಿನ್ಸನ್‌ಗೆ.

‘ಮಾವ, 1952ರಲ್ಲಿ ರಾಬಿನ್ಸನ್ ಮಿಡಲ್‌ವೇಟ್ ಚಾಂಪಿಯನ್. 160 ಪೌಂಡ್ ಮಿತಿ. ಲೈಟ್ ಹೆವಿವೇಟ್ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಮೇಲೆ ಹೋದ. ಅದರ ಮಿತಿ 175. ಪಾಯಿಂಟ್‌ನಲ್ಲಿ ಇವನೇ ಮುಂದಿದ್ದ ಗೊತ್ತಾ?’

‘ಮತ್ತೆ ಗೆದ್ದನೇನು?’

‘ಇಲ್ಲ... ನ್ಯೂಯಾರ್ಕ್‌ನಲ್ಲಿ ಅವತ್ತು ವಿಪರೀತ ಸೆಕೆ. ಹತ್ತನೇ ರೌಂಡ್ ಆದಮೇಲೆ ರೆಫರಿಯೇ ಸುಸ್ತಾಗಿ ಇಳಿದುಹೋದ, ಬೇರೆಯವನನ್ನು ತಂದರು. ಹದಿಮೂರು ಆದಮೇಲೆ ರಾಬಿನ್ಸನ್ ಸ್ಟೂಲ್‌ನಿಂದ ಏಳಲೇ ಇಲ್ಲ. ಸೋಲಿಸಿದ್ದು ಮ್ಯಾಕ್ಸಿಮ್ ಅಲ್ಲ, ಸೆಕೆ.’

‘ಎಷ್ಟಿತ್ತಂತೆ?’

‘40 ಡಿಗ್ರಿ ಹತ್ತಿರ.’

ಗಿರಣಿ ಒಂದು ಕ್ಷಣ ನಿಂತಿತ್ತೋ ಏನೋ, ಈ ಮಾತು ಎಲ್ಲರಿಗೂ ಕೇಳಿಸಿತು. ಬುಟ್ಟಿ ಹಿಡಿದು ಕೂತಿದ್ದ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು. ಮಾವ ಸುತ್ತ ನೋಡಿ, ‘ನಲವತ್ತಕ್ಕೇ ಕೂತನಾ? ನಲವತ್ತರಾಗ ನಾವು ಲಗ್ನ ಮಾಡ್ತೀವಪ್ಪ, ಸೂಟು ಹಾಕ್ಕೊಂಡು!’ ಅಂದರು. ಬೇರೆ ಯಾವ ಊರಿನಲ್ಲಾದರೂ ನಡೆಯುತ್ತಿದ್ದ ವಾದ ಬಳ್ಳಾರಿಯಲ್ಲಿ ಮಕಾಡೆ ಬಿತ್ತು.

ಗೆದ್ದ ಹುರುಪಿಗೆ ಮಾವನಿಗೆ ತಮ್ಮ ವಿಭಾಗ ಯಾವುದು ನೋಡಬೇಕು ಅನ್ನಿಸಿತು. 200 ಪೌಂಡ್ ದಾಟಿದರೆ ಹೆವಿವೇಟ್, ಅಂದರೆ 91 ಕಿಲೋ ಹತ್ತಿರ ಅಂದೆ. ಚಪ್ಪಲಿ ಬಿಟ್ಟು, ಹಿಟ್ಟು ಮೆತ್ತಿದ್ದ ತೂಕದ ಯಂತ್ರದ ಮೇಲೆ ಹತ್ತಿ, ಅಲಿಯ ಹಾಗೆ ಎರಡೂ ಮುಷ್ಟಿ ಎತ್ತಿ ನಿಂತರು. 96 ಬಂತು.

ಮತ್ತೆ ಗಿರಣಿ ಸದ್ದು. ಗಿರಣಿ ಹುಡುಗ ತಲೆ ಎತ್ತದೆ, ಕೆಂಪು ಅಂಕಿ ನೋಡಿ ಚೀಟಿಯಲ್ಲಿ 96 ಅಂತ ಬರೆದ. ಹರಿದು ನನ್ನ ಕೈಗಿಟ್ಟು ಕೂಗಿದ:

‘ಅಣ್ಣಾ, ಸಣ್ಣಗೆ ಬೀಸ್ಬೇಕಾ, ದಪ್ಪಗಾ?’