ಅಬ್ಬಕ್ಕನ ಮಾವ

ತಂಗಿಯ ಮಗಳಿಗೆ ಈ ಆಟಿ ತಿಂಗಳಲ್ಲಿ ಒಂಬತ್ತು ತುಂಬಿತು. ಈ ಸಲ ಗೊಂಬೆ ಬೇಡ, ಪುಸ್ತಕ ಕೊಡುತ್ತೇನೆ, ಅದೂ ಗಟ್ಟಿಗಿತ್ತಿ ಹುಡುಗಿಯ ಕತೆ ಇರುವುದನ್ನೇ ಕೊಡುತ್ತೇನೆ ಎಂದು ಮನೆಯಲ್ಲಿ ಎಲ್ಲರ ಎದುರು ಹೇಳಿಬಿಟ್ಟೆ. ಸುಮ್ನೆ ಗೊಂಬೆ ತಂದಿದ್ದರೆ ಆಗುತ್ತಿತ್ತು.

ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. "ಮಲಯಾಳದಲ್ಲಿ ಬೇಕಾದಷ್ಟು ಉಂಟು. ಕನ್ನಡದಲ್ಲಿ ಪಂಚಾಂಗ ಉಂಟು, ಆದೀತಾ?" ಎಂದರು. ಮೂಲೆಯಲ್ಲಿ ಹುಡುಕಿದಾಗ ಒಂದು ಕನ್ನಡದ್ದೂ ಸಿಕ್ಕಿತು. ಮುಖಪುಟದಲ್ಲಿ ಕುದುರೆಯ ಮೇಲೆ ಹುಡುಗಿ, ಕೈಯಲ್ಲಿ ಕತ್ತಿ. ಇನ್ನೇನು ಬೇಕು! ರಾತ್ರಿ ಹೆಸರು ಬರೆಯಲು ಬಿಡಿಸಿದವನು ಓದಿಯೂ ನೋಡಿದೆ. ಹುಡುಗಿ ಎರಡನೇ ಪುಟದಲ್ಲಿ ಬಾವಿಗೆ ಬೀಳುತ್ತಾಳೆ. ಹತ್ತೊಂಬತ್ತನೇ ಪುಟದವರೆಗೂ ಅಲ್ಲೇ ಕೂತು ಅಳುತ್ತಾಳೆ. ರಾಜಕುಮಾರ ಬಂದು ಮೇಲೆತ್ತುತ್ತಾನೆ. ಕುದುರೆ ಅವನದು. ಕತ್ತಿಯೂ ಅವನದೇ, "ಸ್ವಲ್ಪ ಹಿಡ್ಕೋ" ಎಂದು ಕೊಟ್ಟದ್ದು.

ಭಾನುವಾರ ಜಡಿಮಳೆಯಲ್ಲಿ ಮಂಗಳೂರಿನ ಬಸ್ಸು ಹತ್ತಿದೆ. ಐವತ್ತು ಕಿಲೋಮೀಟರು, ಪಕ್ಕದವರ ಕೊಡೆಯ ನೀರೆಲ್ಲ ನನ್ನ ಮಡಿಲಿಗೆ. ತೊಕ್ಕೊಟ್ಟಿನಲ್ಲಿ ಬಸ್ಸು ನಿಂತಾಗ ಎಡಕ್ಕೆ ಉಳ್ಳಾಲದ ದಾರಿ ಕಂಡಿತು. ಅಲ್ಲಾ, ಅಬ್ಬಕ್ಕನ ಊರು ಇಲ್ಲೇ ಇರುವಾಗ ನಾನು ಬಾವಿಗೆ ಬಿದ್ದವಳಿಗೆ ದುಡ್ಡು ಕೊಟ್ಟೆನಲ್ಲ! 16ನೇ ಶತಮಾನದಲ್ಲೇ ಪೋರ್ಚುಗೀಸರಿಗೆ ಕಪ್ಪ ಕೊಡುವುದಿಲ್ಲ ಎಂದವಳು. ಮಂಗಳೂರಲ್ಲಿ ಅವಳ ಕತೆಯ ತೆಳ್ಳನೆ ಪುಸ್ತಕವೊಂದು ಸಿಕ್ಕಿತು.

ಹುಡುಗಿ ಜಗಲಿಯಲ್ಲಿ ಕೂತು ಒಂದೇ ಉಸಿರಿಗೆ ಓದಿದಳು. ಇನ್ನು ಕೋಲು ಹಿಡಿದು ಕೋಳಿಗಳ ಮೇಲೆ ಯುದ್ಧಕ್ಕೆ ಹೋಗುತ್ತಾಳೆ ಎಂದು ಕಾದೆ. ಹೋಗಲಿಲ್ಲ.

"ಮಾವ, ಅಬ್ಬಕ್ಕನಿಗೆ ರಾಜ್ಯ ಕೊಟ್ಟದ್ದು ಅವಳ ಅಪ್ಪ ಅಲ್ವಾ?"

"ಅಲ್ಲ ಮಗಾ, ಸೋದರಮಾವ. ತಿರುಮಲರಾಯ ಚೌಟ. ಅವರದು ಅಳಿಯಕಟ್ಟು, ಮಾವನದ್ದೆಲ್ಲ ಸೋದರಿಯ ಮಕ್ಕಳಿಗೆ. ಕತ್ತಿ ಹಿಡಿಯಲು ಕಲಿಸಿದ್ದೂ ಅವನೇ." ನಾನು ಖುಷಿಯಲ್ಲಿ ಸ್ವಲ್ಪ ಜಾಸ್ತಿಯೇ ವಿವರಿಸಿದೆ.

"ನಮ್ಮದೂ ಹಿಂದೆ ಅಳಿಯಕಟ್ಟೇ ಅಂತ ಅಜ್ಜಿ ಹೇಳಿದ್ರು."

"ಹೌದು."

"ನೀವು ನನ್ನ ಸೋದರಮಾವ."

ಒಳಗೆ ಕಾಯಿ ತುರಿಯುವ ಶಬ್ದ ನಿಂತಿತು. ನನ್ನ ಹೆಂಡತಿ ಬಾಗಿಲಿಗೆ ಬಂದಳು, ಕೈಯಲ್ಲಿ ಅರ್ಧ ಗಡಿ ತೆಂಗಿನಕಾಯಿ. ತಂಗಿ ಮಾತ್ರ ಮೊಬೈಲಿನಲ್ಲಿ ಭಾರೀ ಕೆಲಸ ಇದ್ದವಳ ಹಾಗೆ ತಲೆ ತಗ್ಗಿಸಿದಳು.

"ಅದೆಲ್ಲ ಈಗ ಇಲ್ಲ ಮಗಾ," ಎಂದೆ. "ಕೇರಳದಲ್ಲಿ ಕಾನೂನೇ ಬಂದು 1976ಕ್ಕೇ ಮುಗಿಯಿತು."

"ಅಬ್ಬಕ್ಕ ಇದ್ದಿದ್ರೆ ಕೇಳ್ತಿದ್ಳಾ?"

ನಾನು ಪಂಚಾಂಗ ಕೊಡಬಹುದಿತ್ತು.

ಊಟದ ಹೊತ್ತಿಗೆ ಹುಡುಗಿ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ತೋಟದ ಕಡೆಯಿಂದ ಅಜ್ಜನ ದೊಡ್ಡ ಕೊಡೆಯೊಂದು ನಡೆದು ಬಂತು. ಕೊಡೆಯ ಕೆಳಗೆ ಮೊಣಕಾಲವರೆಗೆ ಕೆಸರು, ಕೈಯಲ್ಲಿ ಲೆಕ್ಕದ ನೋಟ್‌ಬುಕ್ಕು.

"ಇನ್ನೂರ ಎಂಬತ್ತೇಳು ಮರ ಉಂಟು ಮಾವ," ಎಂದಳು. "ತೋಡಿನ ಬದಿಯಲ್ಲಿ ನಾಲ್ಕಕ್ಕೆ ಕೊಳೆರೋಗ ಬಂದಿದೆ. ನೀವು ಮದ್ದು ಬಿಡಿಸ್ಲೇ ಇಲ್ವಾ?"