ಮುಖ ನೋಡಿ ಮಣೆ ಹಾಕೋ ಇನ್‌ಸ್ಟಾಲರ್‌ಗಳು

ಒರಾಕಲ್ ಡೇಟಾಬೇಸ್ 19ಸಿಯ ಮೂಲ ಇನ್‌ಸ್ಟಾಲರನ್ನ, ಅಂದ್ರೆ 2019ರಲ್ಲಿ ಬಂದ 19.3ನ್ನ, ಅದೇ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಒರಾಕಲ್ ಲಿನಕ್ಸ್ 8ರ ಮೇಲೆ ಓಡಿಸಿ ನೋಡಿ. ಐಎನ್‌ಎಸ್-08101 ಅಂತ ಎರರ್ ಕೊಟ್ಟು ನಿಂತುಬಿಡುತ್ತೆ. ಡೇಟಾಬೇಸೂ ಅವರದ್ದೇ, ಲಿನಕ್ಸೂ ಅವರದ್ದೇ, ಆದ್ರೂ ಗುರುತಿಲ್ಲ! ಪರಿಹಾರ ಇನ್ನೂ ಚೆನ್ನಾಗಿದೆ. ‘ಸಿವಿ_ಅಸ್ಯೂಮ್_ಡಿಸ್ಟ್‌ಐಡಿ’ ಅನ್ನೋ ವೇರಿಯಬಲ್‌ಗೆ ‘ಒಇಎಲ್7.6’ ಅಂತ ಬರೆದರಾಯ್ತು. ‘ನಾನು ಹಳೇ 7.6 ಕಣಪ್ಪ’ ಅಂತ ಒಂದು ಸುಳ್ಳು ಹೇಳಿದ್ರೆ ಒಳಗೆ ಬಿಟ್ಕೊಳ್ಳುತ್ತೆ. ಮುಂದೆ 19.7 ಅಪ್‌ಡೇಟ್‌ನಿಂದ ಲಿನಕ್ಸ್ 8ಕ್ಕೆ ಅಧಿಕೃತ ಮಾನ್ಯತೆಯೂ ಸಿಕ್ತು ಅನ್ನಿ.

ನನ್ನ ತಕರಾರು ಸಪೋರ್ಟ್ ಪಟ್ಟಿಯ ಮೇಲಲ್ಲ. ಇರೋಬರೋ ಡಿಸ್ಟ್ರೋಗಳನ್ನೆಲ್ಲ (ಲಿನಕ್ಸ್‌ನ ಬೇರೆ ಬೇರೆ ರೂಪಗಳು), ಅವುಗಳ ಒಂದೊಂದು ಜಿಲಿಬ್‌ಸಿ (ಪ್ರೋಗ್ರಾಂಗಳು ನೆಚ್ಚಿಕೊಂಡಿರೋ ಮೂಲ ಲೈಬ್ರರಿ) ಆವೃತ್ತಿಯನ್ನೂ ಟೆಸ್ಟ್ ಮಾಡಿ ಅಂತ ಯಾವ ಕಂಪನಿಗೂ ಹೇಳೋಕಾಗಲ್ಲ. ‘ಈ ಎರಡು ಮೂರರ ಮೇಲೆ ಮಾತ್ರ ನಾವು ಜವಾಬ್ದಾರರು, ಉಳಿದದ್ದು ನಿಮ್ಮ ಹಣೆಬರಹ’ ಅಂದ್ರೆ ನ್ಯಾಯವೇ. ಆದ್ರೆ ‘ಕೆಟ್ಟರೆ ನಮಗೆ ಫೋನ್ ಮಾಡಬೇಡಿ’ ಅನ್ನೋದೇ ಬೇರೆ, ‘ನೀವು ಓಡಿಸೋದೇ ಬೇಡ’ ಅನ್ನೋದೇ ಬೇರೆ. ದುಡ್ಡು ಕಟ್ಟಿ ಲೈಸೆನ್ಸ್ ತಗೊಂಡವನಿಗೆ ಎರಡನೇದನ್ನ ಹೇಳೋ ಹಕ್ಕು ಎಲ್ಲಿಂದ ಬಂತು?

ಬೆಂಗಳೂರಲ್ಲಿ ಚಿಪ್ ಡಿಸೈನ್ ಮಾಡೋರಿಗೆ ಇದು ದಿನನಿತ್ಯದ ಪಾಡು. ಕೇಡೆನ್ಸ್, ಸಿನಾಪ್ಸಿಸ್ ಥರದ ಕಂಪನಿಗಳ ಟೂಲ್‌ಗಳ ಪಟ್ಟಿಯಲ್ಲಿರೋದು ಹೆಚ್ಚಾಗಿ ರೆಡ್‌ಹ್ಯಾಟ್, ಸೂಸೆ. ಕಾಲೇಜು ಲ್ಯಾಬಿನ ಹುಡುಗರ ಕೈಯಲ್ಲಿರೋದು ಉಬುಂಟು. ಹಾಗಾಗಿ ಮೊದಲ ಜಗಳ ಟೂಲ್ ಜೊತೆಗಲ್ಲ, ಟೂಲಿಗೆ ಲೈಸೆನ್ಸ್ ಹಂಚೋ ಫ್ಲೆಕ್ಸ್‌ಎಲ್‌ಎಂ ಸರ್ವರ್ ಜೊತೆಗೆ. ಆ ಸರ್ವರಿನ ‘ಎಲ್‌ಎಂಗ್ರ್ಡ್’ ಫೈಲ್ ಕಣ್ಣೆದುರಿಗೇ ಇರುತ್ತೆ, ಪರ್ಮಿಷನ್ನೂ ಸರಿ ಇರುತ್ತೆ, ಓಡಿಸಿದ್ರೆ ‘ಅಂಥ ಫೈಲೇ ಇಲ್ಲ’ ಅನ್ನುತ್ತೆ! ಇಲ್ಲದೇ ಇರೋದು ಆ ಫೈಲಲ್ಲ, ಅದನ್ನ ಶುರು ಮಾಡೋಕೆ ಬೇಕಾದ ‘ಎಲ್‌ಎಸ್‌ಬಿ ಲೋಡರ್’ ಅನ್ನೋ ಇನ್ನೊಂದು ಫೈಲ್. ಎಲ್ಲ ಲಿನಕ್ಸ್‌ಗೂ ಒಂದೇ ಅಳತೆ ಇರಲಿ ಅಂತ ಮಾಡಿದ್ದ ಎಲ್‌ಎಸ್‌ಬಿಯನ್ನ ಉಬುಂಟುವಿಗೆ ಮೂಲವಾದ ಡೆಬಿಯನ್‌ನವರು 2015ರಲ್ಲೇ ಕೈಬಿಟ್ಟರು. ಆ ಹೆಸರಿಂದ ಇರೋ ಲೋಡರ್‌ಗೆ ಒಂದು ಸಿಮ್‌ಲಿಂಕ್, ಅಂದ್ರೆ ದಾರಿ ತೋರಿಸೋ ಕೊಂಡಿ, ಹಾಕಿದ್ರೆ ಮುಗೀತು. ಆದ್ರೆ ಅದನ್ನ ಹೇಳೋರಿಲ್ಲದೆ ಲ್ಯಾಬ್ ಅಸಿಸ್ಟೆಂಟ್ ಲೈಸೆನ್ಸ್ ಫೈಲನ್ನೇ ಅನುಮಾನಿಸ್ತಾ ಕೂತಿರ್ತಾರೆ.

ಇನ್ನೊಂದು ಕಥೆ ನೆಟ್‌ವರ್ಕ್ ಕಾರ್ಡಿನದು. ಹಳೇ ಫ್ಲೆಕ್ಸ್‌ಎಲ್‌ಎಂ ಮ್ಯಾಕ್ ಅಡ್ರೆಸ್ (ಆ ಕಾರ್ಡಿನ ಗುರುತಿನ ಸಂಖ್ಯೆ) ಹುಡುಕ್ತಿದ್ದಿದ್ದು ‘ಈಥ್0’ ಹೆಸರಲ್ಲಿ. ಲಿನಕ್ಸನ್ನ ಶುರು ಮಾಡೋ ಸಿಸ್ಟಮ್‌ಡಿ ಬಂದು ಅದೇ ಕಾರ್ಡಿಗೆ ‘ಇಎನ್‌ಪಿ3ಎಸ್0’ ಅಂತ ನಾಮಕರಣ ಮಾಡಿತು. ಲೈಸೆನ್ಸ್‌ಗೆ ಬೇಕಾದ ಹೋಸ್ಟ್ ಐಡಿ, ಅಂದ್ರೆ ಆ ಯಂತ್ರದ ಗುರುತು, ಕೇಳಿದ್ರೆ ಬರೀ ಸೊನ್ನೆಗಳು. ಲಕ್ಷಗಟ್ಟಲೆ ಬೆಲೆಯ ಲೈಸೆನ್ಸ್ ಒಂದು ಹೆಸರು ಬದಲಾಗಿದ್ದಕ್ಕೆ ಮಲಗಿತು. ಬೂಟ್ ಸಾಲಲ್ಲಿ ‘ನೆಟ್.ಐಎಫ್‌ನೇಮ್ಸ್=0’ ಅಂತ ಸೇರಿಸಿ ಹಳೇ ಹೆಸರು ವಾಪಸ್ ತಂದವರು ಇಲ್ಲಿ ಕಾಮೆಂಟಲ್ಲಿ ಕೈ ಎತ್ತಿ.

‘ಹಾಗಾದ್ರೆ ಪಟ್ಟಿಯಲ್ಲಿರೋದನ್ನೇ ಹಾಕ್ಕೊಳ್ಳಿ’ ಅಂತೀರಾ? ಹಾಕ್ಕೊಂಡಿದ್ರಲ್ಲ, ರೆಡ್‌ಹ್ಯಾಟಿನ ಉಚಿತ ಅವಳಿ ಸೆಂಟ್‌ಒಎಸ್. 2029ರವರೆಗೆ ಬರುತ್ತೆ ಅಂತ ನಂಬಿಸಿದ್ದ ಸೆಂಟ್‌ಒಎಸ್ 8ನ್ನ 2021ರ ಕೊನೆಗೇ ಮುಗಿಸ್ತೀವಿ ಅಂತ ರೆಡ್‌ಹ್ಯಾಟ್ 2020ರ ಡಿಸೆಂಬರಲ್ಲಿ ಘೋಷಿಸಿತು. ಅದರ ಜಾಗ ತುಂಬೋಕೆ ರಾಕಿ, ಆಲ್ಮಾ ಅನ್ನೋ ಡಿಸ್ಟ್ರೋಗಳು ಹುಟ್ಟಿದ್ದೇ ಆಗ. ಒಳಗಿನ ಲೈಬ್ರರಿಗಳು ಹೆಚ್ಚುಕಮ್ಮಿ ಅವೇ ಆದ್ರೂ, ಡಿಸ್ಟ್ರೋ ಹೆಸರು ಹೇಳೋ ರೆಡ್‌ಹ್ಯಾಟ್-ರಿಲೀಸ್ ಫೈಲಿನ ಒಂದು ಸಾಲು ಬೇರೆ. ಆ ಸಾಲನ್ನಷ್ಟೇ ಓದಿ ಮುಖ ತಿರುಗಿಸೋ ಇನ್‌ಸ್ಟಾಲರ್‌ಗಳಿವೆ. ಬೇಕಾದ ಜಿಲಿಬ್‌ಸಿ ಇದೆಯಾ, ಕರ್ನಲ್ ಸಾಕಾ ಅಂತ ನೋಡೋದು ಏನು ಮಹಾ ಕಷ್ಟ? ಇಲ್ಲದಿದ್ರೆ ಒಂದು ಎಚ್ಚರಿಕೆ ತೋರಿಸಿ ಮುಂದೆ ಬಿಡಲಿ.

ಈಗ ಕಂಟೇನರ್ (ಪ್ರೋಗ್ರಾಂಗೆ ಬೇಕಾದ್ದನ್ನ ಬೇರೆಯಾಗಿ ಕಟ್ಟಿಕೊಡೋ ಡಬ್ಬ) ಒಳಗೆ ರಾಕಿ ಕೂರಿಸಿ ಟೂಲ್ ಓಡಿಸೋರು ಜಾಸ್ತಿ. ಚೆನ್ನಾಗೇ ಓಡುತ್ತೆ. ಆದ್ರೆ ಕಂಪನಿಗೆ ಟಿಕೆಟ್, ಅಂದ್ರೆ ದೂರು, ಹಾಕಿದ್ರೆ ‘ಮಾನ್ಯತೆ ಇರೋ ಓಎಸ್ ಮೇಲೆ ಅದೇ ತೊಂದರೆ ತೋರಿಸಿ’ ಅನ್ನೋ ಉತ್ತರ ಬರುತ್ತೆ, ತೊಂದರೆ ಪರವಾನಗಿ ಫೈಲಿನ ತಾರೀಕಿನದ್ದಾದ್ರೂ ಸರಿ.

ಕಾಲೇಜುಗಳಲ್ಲಿ, ಇಲಾಖೆಗಳಲ್ಲಿ ಖರೀದಿ ಕಡತ ನೋಡೋ ಸ್ನೇಹಿತರು ಒಂದು ಕೆಲಸ ಮಾಡಿ. ಪಟ್ಟಿಯಲ್ಲಿಲ್ಲದ ಡಿಸ್ಟ್ರೋ ಮೇಲೆ ಟೂಲ್ ನಿಲ್ಲುತ್ತೋ, ಬರೀ ಸಪೋರ್ಟ್ ನಿಲ್ಲುತ್ತೋ ಅಂತ ಬರಹದಲ್ಲಿ ಕೇಳಿ. ಸೇಲ್ಸ್‌ನವರು ಸಹಿಗೆ ಬಂದಾಗಲೇ ಕೇಳಿ, ಆಮೇಲೆ ಅವರು ಫೋನ್ ಎತ್ತಲ್ಲ.